ಹೆಗಲ ಮೇಲಿನ ಕೆಂಪು ಹದ್ದು

ವಿರಾಟಪರ್ವದಲ್ಲಿ ಬೃಹನ್ನಳೆಯ ವೇಷವನ್ನು ಕಳಚಿದ ಅರ್ಜುನನು ಉತ್ತರಕುಮಾರನಿಗೆ ಕೌರವಸೇನೆಯನ್ನು ಪರಿಚಯ ಮಾಡಿಕೊಡುವ ಸಂದರ್ಭ ವಾಚಕರಿಗೆ ನೆನಪಿದ್ದೀತು. ದೂರದಲ್ಲಿ ನಿಂತ ರಥಗಳಲ್ಲಿ ಯಾರ ಮುಖವೂ ಕಾಣದು. ಕಾಣುವುದು ಬಾವುಟಗಳು ಮಾತ್ರ. ಕಮಂಡಲುವಿನ ಬಾವುಟವಿರುವೆಡೆ ದ್ರೋಣ, ತಾಳೆಮರವಿರುವೆಡೆ ಭೀಷ್ಮ. ಇನ್ನು ದುರ್ಯೋಧನನನ್ನು ಹೆಸರು ಹಿಡಿದು ಕರೆಯುವುದಕ್ಕಿಂತ ಫಣಿಕೇತನನೆಂದು ಕರೆಯುವುದರಲ್ಲಿಯೇ ನಮ್ಮ ಕವಿಗಳಿಗೆ ಹೆಚ್ಚಿನ ಸುಖ. ಯುದ್ಧವೆಂಬುದು ಹುಟ್ಟಿದಂದಿನಿಂದಲೂ ‘ಈ ಗುಂಪು ಯಾರದು?’ ಎಂಬ ಪ್ರಶ್ನೆ ಅದರ ಬೆನ್ನಿಗೇ ಹುಟ್ಟಿದೆ. ಬಂದೂಕು ಫಿರಂಗಿಗಳು ಬಂದಮೇಲೆ ಎತ್ತರದಲ್ಲಿ ಹಾರಾಡುವುದು ಶತ್ರುವಿಗೆ ಗುರಿಯಾಗುವುದಕ್ಕೆ ಸಮವಾಯಿತು. ಬಾವುಟ ರಥದಿಂದ ಇಳಿಯಿತು, ಕೋಲಿನಿಂದ ಇಳಿಯಿತು, ಕಟ್ಟಕಡೆಗೆ ಎರಡು ಮೂರು ಅಂಗುಲದ ಬಟ್ಟೆಯ ತುಂಡಾಗಿ ಸಿಪಾಯಿಯ ತೋಳಿನ ಮೇಲ್ತುದಿಯಲ್ಲಿ, ಹೆಗಲ ಕೆಳಗೆ, ಬಂದು ಕುಳಿತಿತು.

ಯುದ್ಧೇತಿಹಾಸವನ್ನು ಓದುವ ಚಟ ನನಗೆ ಬಹಳ ಕಾಲದಿಂದ ಇದೆ. ಯಾವ ಸೇನಾನಿ ಯಾವ ದಿಬ್ಬವನ್ನು ಯಾವ ಜಾವದಲ್ಲಿ ಹಿಡಿದನೆಂಬುದು ಪುಸ್ತಕವನ್ನು ಮುಚ್ಚಿದ ವಾರದೊಳಗೆ ಮರೆತುಹೋಗುತ್ತದೆ. ಮರೆಯದೆ ಉಳಿಯುವುವು ಈ ಬಟ್ಟೆಯ ತುಂಡುಗಳು: ಕರಿಯ ಬೆಕ್ಕು, ಕಾಳಗದ ಹುಂಜ, ಕಠಾರಿ, ಇಸ್ಪೀಟಿನ ಎಕ್ಕ, ಬೆಂಕಿಯ ಚೆಂಡು, ಕೆಂಪು ಹದ್ದು. ಅವುಗಳನ್ನು ಧರಿಸಿದವರು ಸೇನೆಯ ಕಾಗದಪತ್ರಗಳಲ್ಲಿ ಹದಿನೇಳು, ಇಪ್ಪತ್ತಮೂರು, ಹತ್ತೊಂಬತ್ತು ಎಂಬ ಬರಿಯ ಅಂಕೆಗಳು. ಅಂಕೆಗಾಗಿ ಯಾರು ತಾನೇ ಪ್ರಾಣ ಕೊಟ್ಟಾರು?

ಇಲ್ಲಿ ಒಂದು ಭೇದವನ್ನು ಹೇಳಬೇಕು. ರೆಜಿಮೆಂಟು ಎಂಬುದು ಸಿಪಾಯಿಯ ತವರುಮನೆ. ಮದ್ರಾಸ್, ಮರಾಠಾ, ಕುಮಾಂವ್ ಮುಂತಾದ ಹೆಸರುಗಳಿಗೆ ನೂರಾರು ವರ್ಷಗಳ ಇತಿಹಾಸವಿದೆ, ಹಾಡುಗಳಿವೆ, ಅಜ್ಜ ಮೊಮ್ಮಕ್ಕಳ ನಂಟಿದೆ. ಡಿವಿಜನ್ ಹಾಗಲ್ಲ. ಹದಿನೈದು ಸಾವಿರದ ಆಸುಪಾಸಿನ ಜನರನ್ನು, ಅವರ ಫಿರಂಗಿ ಲಾರಿ ಆಸ್ಪತ್ರೆಗಳ ಸಮೇತ, ಯುದ್ಧದ ಅವಶ್ಯಕತೆಗೆಂದು ಒಂದುಗೂಡಿಸಿದ ಸಂಸಾರವದು. ಇಂದು ಸೇರಿದ ಪಟಾಲಂ ನಾಳೆ ಬೇರೆ ಡಿವಿಜನ್ನಿಗೆ ಹೋದೀತು. ಅಂಥ ತಾತ್ಕಾಲಿಕ ಸಂಸಾರಕ್ಕೆ ಒಂದು ಮನೆತನದ ಅಭಿಮಾನವನ್ನು ಹುಟ್ಟಿಸುವುದು ಸುಲಭದ ಮಾತಲ್ಲ. ತೋಳಿನ ಲಾಂಛನ ಮಾಡಿದ ಕೆಲಸ ಅದೇ.

ಈ ಪದ್ಧತಿಯ ಬೀಜವನ್ನು ಅಮೆರಿಕದ ಅಂತರ್ಯುದ್ಧದಲ್ಲಿ ಗುರುತಿಸುತ್ತಾರೆ. ೧೮೬೨ರಲ್ಲಿ ಫಿಲಿಪ್ ಕರ್ನಿ ಎಂಬ ಒಕ್ಕೈಯ ಜನರಲ್, ದಾರಿಯಲ್ಲಿ ಕಂಡ ಕೆಲವು ಅಧಿಕಾರಿಗಳನ್ನು ತನ್ನವರೆಂದು ಭಾವಿಸಿ ಬಾಯಿಗೆ ಬಂದಂತೆ ಬೈದನಂತೆ. ಅವರು ಬೇರೆಯ ದಂಡಿನವರು. ಇನ್ನು ಮುಂದೆ ಇಂಥ ಪ್ರಮಾದವಾಗಬಾರದೆಂದು ತನ್ನ ವಿಭಾಗದವರು ಟೋಪಿಗೆ ಕೆಂಪು ಬಟ್ಟೆಯ ತುಂಡನ್ನು ಸಿಕ್ಕಿಸಿಕೊಳ್ಳಬೇಕೆಂದು ಆಜ್ಞೆ ಮಾಡಿದನು. ಅದೇ ವರ್ಷ ಸೆಪ್ಟೆಂಬರ್ ೧ರಂದು ಕರ್ನಿ ಯುದ್ಧದಲ್ಲಿ ಮಡಿದನು. ಕೆಂಪು ತುಂಡು ಉಳಿಯಿತು. ಮರುವರ್ಷ ಆ ಸೇನೆಯ ಎಲ್ಲ ದಂಡುಗಳಿಗೂ ಒಂದೊಂದು ಗುರುತು ಬಂದಿತು.

ತೋಳಿನ ಲಾಂಛನ ಅಮೆರಿಕದ ಸೇನೆಗೆ ಬಂದುದು ೧೯೧೮ರಲ್ಲಿ. ದಕ್ಷಿಣ ಕ್ಯಾರೊಲಿನಾದ ಶಿಬಿರದಲ್ಲಿ ತರಬೇತಿಯಾದ ೮೧ನೆಯ ಡಿವಿಜನ್ನಿನವರು, ಶಿಬಿರದ ಬಳಿ ಹರಿಯುತ್ತಿದ್ದ ಕಾಡುಬೆಕ್ಕಿನ ಹೆಸರಿನ ಹೊಳೆಯನ್ನು ನೆನೆದು, ತೋಳಿಗೆ ಕಾಡುಬೆಕ್ಕಿನ ಚಿತ್ರವನ್ನು ಹೊಲಿದುಕೊಂಡು ಫ್ರಾನ್ಸಿಗೆ ಬಂದಿಳಿದರು. ಉಳಿದವರಿಗೆ ಹೊಟ್ಟೆಯುರಿ; ಸಮವಸ್ತ್ರದ ನಿಯಮಕ್ಕೆ ಇದು ವಿರುದ್ಧವೆಂದು ದೂರು ಹೋಯಿತು. ಪ್ರಧಾನ ಸೇನಾಪತಿ ಪರ್ಶಿಂಗ್ ಬೆಕ್ಕನ್ನು ಕಿತ್ತುಹಾಕಿಸಲಿಲ್ಲ. ಬದಲಿಗೆ, ಪ್ರತಿಯೊಂದು ಡಿವಿಜನ್ನೂ ತನಗೊಪ್ಪುವ ಲಾಂಛನವನ್ನು ಗೊತ್ತುಮಾಡಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಒಂದು ದೂರಿನಿಂದ ಇಡೀ ಸೇನೆಗೆ ಒಂದು ಅಲಂಕಾರ ಬಂದ ಉದಾಹರಣೆ ಇದೊಂದೇ ಇರಬೇಕು.

ಇಂಗ್ಲಿಷರದು ಬೇರೆ ತರ್ಕ. ಲಾರಿಯ ಮೇಲೆ ಡಿವಿಜನ್ನಿನ ಸಂಖ್ಯೆಯನ್ನು ಬರೆದರೆ ಬೇಹುಗಾರ ಓದಿಕೊಂಡಾನು. ಚಿತ್ರವನ್ನು ಬರೆದರೆ ತನ್ನವರಿಗೆ ತಿಳಿಯುತ್ತದೆ, ಪರರಿಗೆ ಕೆಲಕಾಲವಾದರೂ ಒಗಟಾಗಿರುತ್ತದೆ. ಒಗಟುಗಳಲ್ಲಿ ತುಂಟತನವೂ ಇತ್ತು. ಎರಡನೆಯ ಮಹಾಯುದ್ಧದ ಮೊದಲಲ್ಲಿ ಜನರಲ್ ಬ್ರೂಕ್ ಅವರ ದಂಡಿಗೆ ಅಲೆಗಳ ಮೇಲೆ ನೆಗೆಯುವ ಮೀನಿನ ಗುರುತು. ‘ಬ್ರೂಕ್’ ಎಂದರೆ ಹಳ್ಳವೆಂಬ ಅರ್ಥವನ್ನು ಬಲ್ಲವರು ನಕ್ಕಿರಬೇಕು. ೪೯ನೆಯ ಡಿವಿಜನ್ನು ಐಸ್‌ಲೆಂಡಿನಲ್ಲಿ ಕಾವಲಿಗಿದ್ದುದರಿಂದ ಹಿಮಕರಡಿಯನ್ನು ಆರಿಸಿಕೊಂಡಿತು. ಮೊದಲ ಚಿತ್ರದಲ್ಲಿ ಕರಡಿ ತಲೆಯನ್ನು ತಗ್ಗಿಸಿತ್ತು. ಹೊಸದಾಗಿ ಬಂದ ಜನರಲ್ ಬಾರ್ಕರ್‌ಗೆ ಅದು ಹಿಡಿಸಲಿಲ್ಲ. ತಲೆಯೆತ್ತಿ ಗರ್ಜಿಸುವ ಕರಡಿಯನ್ನು ಬರೆಸಿದರು. ಸ್ಕಾಟ್ಲೆಂಡಿನ ೫೧ನೆಯ ಹೈಲೆಂಡ್ ಡಿವಿಜನ್ನಿನವರು ತಮ್ಮ ಹೆಸರಿನ ಎರಡು ಮೊದಲಕ್ಷರಗಳನ್ನು ದಾರಿಯುದ್ದಕ್ಕೂ ಗೋಡೆ ಕಂಬಗಳ ಮೇಲೆ ಬಳಿಯುತ್ತ ಹೋದುದರಿಂದ ಉಳಿದವರು ಅವರಿಗೆ ‘ಹೆದ್ದಾರಿಯ ಅಲಂಕಾರಿಗಳು’ ಎಂದು ಹೆಸರಿಟ್ಟರು.

ದಳಪತಿ ಕೊಟ್ಟ ಹೆಸರು ಒಂದು, ಜನರ ಬಾಯಲ್ಲಿ ಹುಟ್ಟಿದ ಹೆಸರು ಇನ್ನೊಂದು. ಹವಾಯಿಯಲ್ಲಿ ಕಟ್ಟಿದ ಅಮೆರಿಕದ ೨೫ನೆಯ ಡಿವಿಜನ್ನಿನದು ಕೆಸುವಿನ ಎಲೆ, ಅದರ ನಡುವೆ ಒಂದು ಮಿಂಚು; ಅಧಿಕೃತ ಹೆಸರು ‘ಉಷ್ಣವಲಯದ ಮಿಂಚು’. ಸಿಪಾಯಿಗಳು ಕರೆದುದು ‘ವಿದ್ಯುತ್ ಸ್ಟ್ರಾಬೆರಿ’ ಎಂದು. ಪೆನ್ಸಿಲ್ವೇನಿಯಾದ ೨೮ನೆಯ ಡಿವಿಜನ್ನಿನದು ಕಮಾನಿನ ನಡುಗಲ್ಲಿನ ಆಕಾರದ ಕೆಂಪು ಬಟ್ಟೆ. ೧೯೪೪ರ ಚಳಿಗಾಲದಲ್ಲಿ ಹರ್ಟ್‌ಗೆನ್ ಕಾಡಿನಲ್ಲಿ ಆ ಡಿವಿಜನ್ನು ನುಚ್ಚುನೂರಾದ ಮೇಲೆ ಆ ಆಕಾರಕ್ಕೆ ‘ರಕ್ತದ ಬಕೀಟು’ ಎಂಬ ಹೆಸರು ಅಂಟಿಕೊಂಡಿತು. ಇಂಥ ಹೆಸರನ್ನು ಯಾವ ಕಚೇರಿಯೂ ಯೋಚಿಸಿ ಇಡಲಾರದು.

ಲಾಂಛನಗಳ ಚರಿತ್ರೆಯಲ್ಲಿ ನಮ್ಮವರು ತಿಳಿಯಬೇಕಾದ ಪ್ರಸಂಗವೆಂದರೆ ಅಮೆರಿಕದ ೪೫ನೆಯ ಡಿವಿಜನ್ನಿನದು. ಓಕ್ಲಹೋಮ, ನ್ಯೂ ಮೆಕ್ಸಿಕೊ, ಆರಿಜೋನ, ಕೊಲರಾಡೊ ಎಂಬ ನಾಲ್ಕು ರಾಜ್ಯಗಳ ಯುವಕರು ಅದರಲ್ಲಿದ್ದರು. ಆ ಸೀಮೆಯ ಮೂಲನಿವಾಸಿಗಳ ನೇಯ್ಗೆ ಕುಸುರಿಗಳಲ್ಲಿ ಮಂಗಳದ ಗುರುತಾಗಿ ಬಳಕೆಯಲ್ಲಿದ್ದ ಸ್ವಸ್ತಿಕವನ್ನು ಅವರು ೧೯೨೪ರಲ್ಲಿ ತೋಳಿಗೆ ಧರಿಸಿದರು. ಕೆಂಪು ಚೌಕದ ಮೇಲೆ ಹಳದಿಯ ಸ್ವಸ್ತಿಕ. ದೀಪಾವಳಿಯ ದಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ, ಹೊಸ್ತಿಲ ರಂಗವಲ್ಲಿಯಲ್ಲಿ ನಾವು ಬರೆಯುವ ಗುರುತೇ ಅದು. ಹತ್ತು ವರ್ಷ ಕಳೆಯುವುದರೊಳಗೆ ಜರ್ಮನಿಯಲ್ಲಿ ಅದೇ ಗುರುತನ್ನು ಓರೆಮಾಡಿ ಹಿಡಿದವರು ಅಧಿಕಾರಕ್ಕೆ ಬಂದರು. ೪೫ನೆಯ ಡಿವಿಜನ್ನು ಸ್ವಸ್ತಿಕವನ್ನು ಬಿಚ್ಚಿತು. ೧೯೩೯ರಲ್ಲಿ ಅದರ ಸ್ಥಾನಕ್ಕೆ, ಅದೇ ಕೆಂಪು ಚೌಕದ ಮೇಲೆ, ಮೂಲನಿವಾಸಿಗಳ ಪುರಾಣದ ಗುಡುಗಿನ ಹಕ್ಕಿ ಬಂದಿತು. ಆರು ವರ್ಷಗಳ ಅನಂತರ, ೧೯೪೫ನೆಯ ಏಪ್ರಿಲ್ ೨೯ರಂದು, ದಾಖಾವ್ ಎಂಬ ಯಾತನಾಶಿಬಿರದ ಬಾಗಿಲನ್ನು ತೆರೆಸಿದವರಲ್ಲಿ ಈ ಗುಡುಗಿನ ಹಕ್ಕಿಯವರೂ ಇದ್ದರು. ಒಂದು ಕಾಲದಲ್ಲಿ ಸ್ವಸ್ತಿಕವನ್ನು ಹೊತ್ತ ತೋಳುಗಳೇ ಸ್ವಸ್ತಿಕದ ಹೆಸರಿನಲ್ಲಿ ಕಟ್ಟಿದ ನರಕದ ಬೀಗವನ್ನು ಒಡೆದುವು. ಕಥೆಗಾರನು ಕಲ್ಪಿಸಿದ್ದರೆ ಅತಿಯಾಯಿತೆಂದು ನಾವೇ ಹೇಳುತ್ತಿದ್ದೆವು.

ಜನರಿದ್ದು ಲಾಂಛನವಿಲ್ಲದ ಕಾಲದಿಂದ ಹೊರಟು, ಲಾಂಛನವಿದ್ದು ಜನರೇ ಇಲ್ಲದ ಕಾಲಕ್ಕೂ ಯುದ್ಧ ಬಂದು ಮುಟ್ಟಿತು. ೧೯೪೪ರಲ್ಲಿ ಮಿತ್ರಸೇನೆ ನಾರ್ಮಂಡಿಯಲ್ಲಿ ಇಳಿಯುವ ಮೊದಲು, ದಾಳಿ ಕಲೇ ಬಂದರಿನ ಕಡೆಯಿಂದ ಬರುವುದೆಂದು ಜರ್ಮನರನ್ನು ನಂಬಿಸಬೇಕಾಗಿತ್ತು. ಅದಕ್ಕಾಗಿ ಜನರಲ್ ಪ್ಯಾಟನ್ನನ ಹೆಸರಿನಲ್ಲಿ ಒಂದು ಕಾಲ್ಪನಿಕ ಮಹಾಸೇನೆಯನ್ನು ಸೃಷ್ಟಿಸಿದರು. ಇಲ್ಲದ ಡಿವಿಜನ್ನುಗಳಿಗೆ ನಿಜವಾದ ಲಾಂಛನಗಳನ್ನು ರಚಿಸಿದರು. ಫ್ರಾನ್ಸಿನಲ್ಲಿ ಇಳಿದ ಮೇಲೆ ಸುಮಾರು ೧,೧೦೦ ಜನರ ಇನ್ನೊಂದು ಗುಪ್ತಪಡೆ, ಗಾಳಿ ತುಂಬಿದ ರಬ್ಬರಿನ ಟ್ಯಾಂಕುಗಳನ್ನು ಬಯಲಲ್ಲಿ ನಿಲ್ಲಿಸಿ, ಇಂದು ಒಂದು ಡಿವಿಜನ್ನಿನ ಲಾಂಛನ, ನಾಳೆ ಮತ್ತೊಂದರದು ಹೊಲಿದುಕೊಂಡು, ಊರಿನ ಕಾಫಿ ಅಂಗಡಿಗಳಲ್ಲಿ ಬೇಕೆಂದೇ ಬಾಯಿ ಸಡಿಲಬಿಟ್ಟು ಮಾತಾಡುತ್ತಿತ್ತು. ಅವರಲ್ಲಿ ಅನೇಕರು ಕಲಾಶಾಲೆಗಳಿಂದ ಬಂದ ಚಿತ್ರಕಾರರು. ಸೂಜಿದಾರಗಳಿಂದ ಯುದ್ಧ ಮಾಡಿದ ಈ ಜನರ ಕಾರ್ಯ ಅರ್ಧ ಶತಮಾನ ರಹಸ್ಯವಾಗಿಯೇ ಉಳಿದು, ಕಡೆಗೆ ೨೦೨೪ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಚಿನ್ನದ ಪದಕ ಅವರಿಗೆ ಸಂದಿತು. ಪಡೆಯಲು ಬದುಕಿ ಉಳಿದಿದ್ದವರು ಬೆರಳೆಣಿಕೆಯ ಮುದುಕರು.

ಇರಲಿ, ನಮ್ಮ ಮನೆಯ ಮಾತಿಗೆ ಬರೋಣ.

ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೇನೆ ಕಟ್ಟಿದ ಡಿವಿಜನ್ನುಗಳಲ್ಲಿ ಎರಡು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದುವೆಂಬುದು ಬೆಂಗಳೂರಿಗರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ. ೧೯೪೨ರ ಏಪ್ರಿಲ್‌ನಲ್ಲಿ ಗ್ರೇಸಿ ಎಂಬ ಸೇನಾನಿ ಇಲ್ಲಿಯ ದಂಡುಪ್ರದೇಶದಲ್ಲಿ ೨೦ನೆಯ ಡಿವಿಜನ್ನನ್ನು ಕಟ್ಟಿದರು. ಕತ್ತಿಯನ್ನು ಹಿಡಿದ ಒಂದು ಕೈ ಅದರ ಗುರುತು. ಅದೇ ವರ್ಷದ ಆಗಸ್ಟಿನಲ್ಲಿ ೨೫ನೆಯ ಡಿವಿಜನ್ನು. ಅದಕ್ಕೆ ಇಸ್ಪೀಟಿನ ಎಕ್ಕ. ಜೂಜಿನೆಲೆಯನ್ನು ತೋಳಿಗೆ ಹೊಲಿದುಕೊಂಡು ಯುದ್ಧಕ್ಕೆ ಹೊರಡುವುದೇ ಎಂದು ಮಡಿವಂತರು ಮೂಗು ಮುರಿಯಬಹುದು. ಯುದ್ಧದಷ್ಟು ದೊಡ್ಡ ಜೂಜು ಯಾವುದಿದೆ?

ಆ ಎಕ್ಕವನ್ನು ಧರಿಸಿದವರಲ್ಲಿ ಕೊಡಗಿನ ತಿಮ್ಮಯ್ಯನವರೂ ಒಬ್ಬರು. ಅರಕಾನಿನ ಕೆಸರು ಕಾಡುಗಳಲ್ಲಿ ಆ ಡಿವಿಜನ್ನಿನ ೫೧ನೆಯ ಬ್ರಿಗೇಡಿನ ಮೂರು ಪಟಾಲಂಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ಥೋರಾಟ್, ಸೇನ್. ಭಾರತೀಯರು ಪಟಾಲಂ ನಡೆಸಬಲ್ಲರೇ ಎಂದು ಅನುಮಾನಿಸುತ್ತಿದ್ದವರಿಗೆ ೧೯೪೫ರ ಕಾಂಗಾವ್ ಕಾಳಗದಲ್ಲಿ ಉತ್ತರ ಸಿಕ್ಕಿತು. ಮೂವರಿಗೂ ಶೌರ್ಯಪ್ರಶಸ್ತಿ ಬಂದಿತು. ಇದೇ ರಂಗದಲ್ಲಿ ೨೬ನೆಯ ಡಿವಿಜನ್ನಿನ ಹುಲಿಯ ಗುರುತನ್ನು ಹೊತ್ತಿದ್ದವರು ಕೊಡಗಿನ ಇನ್ನೊಬ್ಬರು, ಕಾರಿಯಪ್ಪನವರು.

ಉಳಿದವುಗಳಲ್ಲಿ ನನಗೆ ಬಲು ಸ್ವಾರಸ್ಯವಾಗಿ ಕಾಣುವುದು ೧೭ನೆಯದರ ಬೆಕ್ಕು. ಮೊದಲು ಅದರ ಗುರುತು ಮಿಂಚಾಗಿತ್ತು. ೧೯೪೨ರ ಫೆಬ್ರವರಿ ೨೩ರಂದು ಸಿತ್ತಾಂಗ್ ನದಿಯ ಸೇತುವೆಯನ್ನು, ತನ್ನ ಜನರಲ್ಲಿ ಹೆಚ್ಚಿನವರು ಇನ್ನೂ ಆಚೆಯ ದಡದಲ್ಲಿರುವಾಗಲೇ, ಸಿಡಿಸಬೇಕಾಗಿ ಬಂದ ದುರ್ದೈವಿ ಡಿವಿಜನ್ನು ಅದು. ಈಜಿ ದಾಟಿದವರು ಬಂದೂಕಿಲ್ಲದೆ, ಬೂಟಿಲ್ಲದೆ ಬಂದರು. ಬರ್ಮಾದಿಂದ ಹಿಂದೆಗೆದ ಮೇಲೆ ಮಿಂಚು ಹೋಗಿ ಕರಿಯ ಬೆಕ್ಕು ಬಂದಿತು. ಇಂಗ್ಲೆಂಡಿನವರಿಗೆ ಕರಿಯ ಬೆಕ್ಕು ಅದೃಷ್ಟದ ಪ್ರಾಣಿ. ನಮಗೋ? ಬೆಕ್ಕು ಅಡ್ಡ ಬಂದರೆ ಹೊರಟ ಕೆಲಸವನ್ನು ಬಿಟ್ಟು ಮನೆಗೆ ಹಿಂದಿರುಗಿ ನೀರು ಕುಡಿದು ಕೂರುವ ಜನ ನಾವು. ಅಂಥ ದೇಶದ ಸಿಪಾಯಿಗಳು ಅದನ್ನು ಮರುಮಾತಿಲ್ಲದೆ ಹೊಲಿದುಕೊಂಡರು. ಅಪಶಕುನ ತಮಗಲ್ಲ, ಎದುರಿನವನಿಗೆ ಎಂದುಕೊಂಡಿರಬೇಕು. ೧೯೪೫ರ ಮಾರ್ಚಿಯಲ್ಲಿ ಮೆಯ್ಕ್ತಿಲಾ ಪಟ್ಟಣದಲ್ಲಿ ಈ ಬೆಕ್ಕು ಜಪಾನೀಯರಿಗೆ ನಿಜವಾಗಿಯೂ ಅಡ್ಡ ಬಂದಿತು.

ಈ ಪಟ್ಟಿಯಲ್ಲಿ ನಾನು ಗಮನಿಸಿದ ಒಂದು ಸಂಗತಿಯುಂಟು. ಬೆಕ್ಕಿದೆ, ಹುಂಜವಿದೆ, ಹುಲಿಯಿದೆ, ಆನೆಯಿದೆ. ಇಂಗ್ಲೆಂಡಿನ ದಂಡುಗಳಲ್ಲಿ ಕಾಡುಹಂದಿಯೂ ಗೂಳಿಯೂ ಧಾರಾಳವಾಗಿ ಇವೆ. ಇಲ್ಲಿ ನಾನು ಹೆಸರಿಸಿದ ಭಾರತದ ಡಿವಿಜನ್ನುಗಳಲ್ಲಿ ಎರಡೂ ಇಲ್ಲ. ಬಾದಾಮಿಯ ಚಾಲುಕ್ಯರು ವರಾಹವನ್ನೇ ರಾಜಲಾಂಛನವಾಗಿ ಮೆರೆಸಿದರು, ನಿಜ. ಆದರೆ ಹಿಂದೂ ಮುಸಲ್ಮಾನ ಸಿಖ್ಖರು ಒಂದೇ ತೋಳಪಟ್ಟಿಯ ಕೆಳಗೆ ಮಲಗಿ ಏಳುವ ಸೇನೆಗೆ ಎಲ್ಲರೂ ಹೊರಬಲ್ಲ ಮೃಗವೇ ಬೇಕು.

ಇಂಥ ಲಾಂಛನಗಳಿಗೆಲ್ಲ ಹಿರಿಯಣ್ಣ ನಾಲ್ಕನೆಯ ಡಿವಿಜನ್ನಿನ ಕೆಂಪು ಹದ್ದು. ಕನ್ನಡದಲ್ಲಿ ಹದ್ದೆಂದರೆ ಕೋಳಿಮರಿಗೆ ಎರಗುವ ಪಕ್ಷಿ, ಗರುಡವೆಂದಿದ್ದರೆ ಒಪ್ಪುತ್ತಿತ್ತೇನೋ. ಅದು ಹೋದಲ್ಲೆಲ್ಲ ಗರುಡನ ಕೆಲಸವನ್ನೇ ಮಾಡಿತೆನ್ನಬೇಕು. ೧೯೩೯ರಲ್ಲಿ ಈಜಿಪ್ಟಿನಲ್ಲಿ ನೆಲೆಗೊಂಡ ಈ ವಿಭಾಗ ೧೯೪೦ರ ಡಿಸೆಂಬರಿನಲ್ಲಿ ಸಿದಿ ಬರಾನಿಯಲ್ಲಿ ಇಟಲಿಯ ಸೇನೆಯನ್ನು ಮುರಿಯಿತು. ಅಲ್ಲಿಂದ ಎರಿಟ್ರಿಯದ ಕೆರೆನ್ ಬೆಟ್ಟಗಳಿಗೆ ಹೋಗಿ, ಬೆಂಕಿಚೆಂಡಿನ ೫ನೆಯ ಡಿವಿಜನ್ನಿನ ಜೊತೆಯಲ್ಲಿ, ವಾರಗಟ್ಟಲೆ ಕಲ್ಲುಬಂಡೆಗಳಿಗೆ ಕಚ್ಚಿಕೊಂಡಿತು; ೧೯೪೧ರ ಮಾರ್ಚ್ ೨೭ಕ್ಕೆ ಕೆರೆನ್ ಬಿದ್ದಿತು. ಮತ್ತೆ ಮರುಭೂಮಿ. ೧೯೪೩ರ ಮೇ ೧೨ರಂದು ಟ್ಯುನೀಸಿಯದಲ್ಲಿ ಜರ್ಮನ್ ಸೇನಾಧಿಪತಿ ಫಾನ್ ಆರ್ನಿಮ್ ಶರಣಾಗಿ ಬಂದಾಗ ಎದುರಿಗೆ ನಿಂತಿದ್ದವರಲ್ಲಿ ಕೆಂಪು ಹದ್ದಿನ ದಳಪತಿ ಟಕರ್ ಒಬ್ಬರು. ೧೯೪೪ರಲ್ಲಿ ಇಟಲಿಯ ಕಸ್ಸೀನೊ ಮಠದ ಬೆಟ್ಟ. ಅಲ್ಲಿ ಮಾತ್ರ ಹದ್ದಿನ ರೆಕ್ಕೆ ಮುರಿಯಿತು. ಸಾವಿರಗಟ್ಟಲೆ ಜನರು ಉರುಳಿದರು, ಮಠ ದಕ್ಕಲಿಲ್ಲ.

ಯುದ್ಧ ಮುಗಿಯಿತು. ಅದಕ್ಕಿಂತ ಕಠಿಣವಾದ ಕಾಲ ಮುಂದಿತ್ತು.

೧೯೪೭ರ ಆಗಸ್ಟಿನಲ್ಲಿ ಪಂಜಾಬನ್ನು ಎರಡಾಗಿ ಸೀಳಿದಾಗ, ನಡುವಿನ ಹನ್ನೆರಡು ಜಿಲ್ಲೆಗಳಲ್ಲಿ ಶಾಂತಿಯನ್ನು ಕಾಪಾಡಲೆಂದು ಒಂದು ಗಡಿಪಡೆಯನ್ನು ನೇಮಿಸಿದರು. ಅದರ ಬೆನ್ನೆಲುಬು ಈ ನಾಲ್ಕನೆಯ ಡಿವಿಜನ್ನು, ನಾಯಕರು ಕಠಾರಿಯ ಡಿವಿಜನ್ನಿನೊಡನೆ ಮಂಡಲೆಯನ್ನು ಗೆದ್ದಿದ್ದ ರೀಸ್. ಆಫ್ರಿಕದಲ್ಲಿ ಒಂದೇ ಕಂದಕದಲ್ಲಿ ಒಂದೇ ನೀರಿನ ಡಬ್ಬಿಯಿಂದ ಕುಡಿದ ಸಿಖ್ಖನೂ ಮುಸಲ್ಮಾನನೂ ಡೋಗ್ರನೂ ಈಗ ಒಂದೇ ಲಾಂಛನವನ್ನು ಧರಿಸಿ, ತಮ್ಮತಮ್ಮ ಹಳ್ಳಿಗಳು ಉರಿಯುತ್ತಿರುವ ಸುದ್ದಿಯನ್ನು ಕೇಳುತ್ತ, ಪರಸ್ಪರರ ಹಳ್ಳಿಗಳಿಗೆ ಕಾವಲು ನಿಲ್ಲಬೇಕಾಯಿತು. ಆ ಪಡೆ ಕೊಲೆಗಳನ್ನು ತಡೆಯಲಾರದೆ ಹೋಯಿತೆಂದು ಎರಡು ದೇಶಗಳೂ ಬೈದುವು. ಸಾವಿರಾರು ಚದರ ಮೈಲಿಗಳಲ್ಲಿ ಹರಡಿದ ಹುಚ್ಚನ್ನು ಅಷ್ಟು ಜನರಿಂದ ತಡೆಯುವುದು ಸಾಧ್ಯವೂ ಇರಲಿಲ್ಲವೆಂದು ನನ್ನ ಭಾವನೆ. ಸೇನೆಯನ್ನೇ ಧರ್ಮದ ಲೆಕ್ಕದಲ್ಲಿ ಪಾಲುಮಾಡುತ್ತಿದ್ದ ಆ ವಾರಗಳಲ್ಲಿಯೂ ಆ ಪಡೆ ತನ್ನೊಳಗೇ ಒಡೆದು ತಾನೇ ಕೊಲೆಗಿಳಿಯಲಿಲ್ಲವೆಂಬುದು ನನಗೆ ಕೆರೆನ್ನಿಗಿಂತ ದೊಡ್ಡದಾಗಿ ಕಾಣುತ್ತದೆ. ಒಂದು ತಿಂಗಳಿಗೇ ಅದನ್ನು ವಿಸರ್ಜಿಸಿದರು. ಆ ಸೆಪ್ಟೆಂಬರಿನಲ್ಲಿ ಕೆಂಪು ಹದ್ದಿನ ನಾಯಕತ್ವವನ್ನು ವಹಿಸಿಕೊಂಡವರು ನಮ್ಮ ತಿಮ್ಮಯ್ಯನವರು.

ಮೇಜು ಕುರ್ಚಿಗಳನ್ನು ಹಂಚಿದಂತೆ ಲಾಂಛನಗಳೂ ಹಂಚಿಹೋದುವು. ಅರಕಾನಿನಲ್ಲಿಯೂ ಕೊಹಿಮಾದಲ್ಲಿಯೂ ಕಾದಿದ ೭ನೆಯ ಡಿವಿಜನ್ನಿನ ಬಂಗಾರದ ಬಾಣ ಪಾಕಿಸ್ತಾನದ ಪಾಲಿಗೆ ಬಂದಿತು. ಅರಕಾನಿನಲ್ಲಿ ಅದರ ದಳಪತಿಯಾಗಿದ್ದ ಮೆಸರ್ವಿಯೇ ಪಾಕಿಸ್ತಾನದ ಮೊದಲ ಸೇನಾಪತಿಯಾದರು. ಅದಕ್ಕೆ ಮೊದಲು ಅವರು ಕೆಂಪು ಹದ್ದನ್ನೂ ನಡೆಸಿದ್ದವರು. ಮುಂದೆ ಭಾರತ ಹೊಸದಾಗಿ ಕಟ್ಟಿಕೊಂಡ ೭ನೆಯ ಡಿವಿಜನ್ನೂ ಬಂಗಾರದ ಬಾಣವೆಂಬ ಹೆಸರನ್ನೇ ಇಟ್ಟುಕೊಂಡಿತು. ಅದರ ನೆಲೆ ಗಡಿಯಲ್ಲಿರುವ ಫಿರೋಜಪುರ. ಒಂದೇ ಸಂಖ್ಯೆ, ಒಂದೇ ಹೆಸರು, ಎರಡು ದೇಶ. ದಾಯಾದಿಗಳು ಒಂದೇ ಅಜ್ಜನ ಹೆಸರನ್ನು ತಮ್ಮತಮ್ಮ ಮಕ್ಕಳಿಗೆ ಇಟ್ಟಂತೆ.

ಇನ್ನು ಕೆಂಪು ಹದ್ದಿನ ಅತ್ಯಂತ ಕಹಿಯಾದ ಅಧ್ಯಾಯ. ಬಯಲುಸೀಮೆಯ ಅಂಬಾಲದಲ್ಲಿದ್ದ ಡಿವಿಜನ್ನನ್ನು ೧೯೫೯ರಲ್ಲಿ ಈಶಾನ್ಯದ ಗಡಿಗೆ, ಇಂದಿನ ಅರುಣಾಚಲಕ್ಕೆ, ಕಳುಹಿಸಿದರು. ಬಯಲು ಯುದ್ಧಕ್ಕೆಂದು ಸಜ್ಜಾದ ದಂಡು. ಅದಕ್ಕೆ ಮೊದಲು ಅಂಬಾಲದಲ್ಲಿ ತನ್ನ ವಸತಿಗಳನ್ನು ತಾನೇ ಗಾರೆ ಕಲಸಿ ಕಟ್ಟಿಕೊಳ್ಳುವ ಕೆಲಸವನ್ನೂ ಮಾಡಿತ್ತು. ಡಿವಿಜನ್ನೆಂದರೆ ಹೆಸರಿಗೆ ಡಿವಿಜನ್ನು. ಬ್ರಿಗೇಡುಗಳು ಚದುರಿದ್ದುವು, ಪಟಾಲಂಗಳು ಬದಲಾಗುತ್ತಿದ್ದುವು. ೧೯೬೨ರ ಅಕ್ಟೋಬರ್ ೨೦ರ ಬೆಳಗ್ಗೆ ನಾಮ್‌ಕಾ ಚು ಹೊಳೆಯ ದಡದಲ್ಲಿ, ಹತ್ತಿಬಟ್ಟೆಯ ಸಮವಸ್ತ್ರದಲ್ಲಿ ಚಳಿಗೆ ನಡುಗುತ್ತಿದ್ದ ಅದರ ೭ನೆಯ ಬ್ರಿಗೇಡು ಚೀಣೀಯರ ದಾಳಿಗೆ ಕೆಲವೇ ಗಂಟೆಗಳಲ್ಲಿ ಪುಡಿಯಾಯಿತು. ಬ್ರಿಗೇಡಿಯರ್ ದಾಲ್ವಿ ಎರಡು ದಿನಗಳ ಮೇಲೆ ಸೆರೆಯಾದರು. ಅವರು ೧೯೬೯ರಲ್ಲಿ ಪ್ರಕಟಿಸಿದ ‘ಹಿಮಾಲಯನ್ ಬ್ಲಂಡರ್’ ಗ್ರಂಥವನ್ನು ರವಿ ಬೆಳಗೆರೆಯವರ ಅನುವಾದದಲ್ಲಿ ಓದಿದ ಕನ್ನಡಿಗರು ಬಹುಮಂದಿ ಇದ್ದಾರೆ. ವಿವರಗಳನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ನವೆಂಬರಿನಲ್ಲಿ ಸೇಲಾ ಕಣಿವೆಯನ್ನು ಕಾಳಗ ಕೊಡದೆಯೇ ತೆರವು ಮಾಡಿದರು, ಬೊಮ್ಡಿಲಾ ಬಿದ್ದಿತು. ರೋಮೆಲ್ಲನನ್ನು ಎದುರಿಸಿದ ಡಿವಿಜನ್ನು ದಾರಿತಪ್ಪಿದ ಸಣ್ಣಸಣ್ಣ ಗುಂಪುಗಳಾಗಿ ಅಸ್ಸಾಮಿನ ಬಯಲಿಗೆ ಇಳಿದು ಬಂದಿತು. ಆಗ ಪೂರ್ವವಿಭಾಗದ ಸೇನಾಧಿಪತಿಯಾಗಿದ್ದವರು ಕಾಂಗಾವಿನ ವೀರರಲ್ಲಿ ಒಬ್ಬರಾದ ಅದೇ ಸೇನ್. ಇನ್ನಿಬ್ಬರು, ತಿಮ್ಮಯ್ಯ ಮತ್ತು ಥೋರಾಟ್, ಹಿಂದಿನ ವರ್ಷವೇ ನಿವೃತ್ತರಾಗಿದ್ದರು.

ಹೆಸರು ಕೆಟ್ಟ ಡಿವಿಜನ್ನನ್ನು ಏನು ಮಾಡಬೇಕು? ಸಂಖ್ಯೆಯನ್ನೇ ಅಳಿಸಿಬಿಡುವುದು ಒಂದು ದಾರಿ. ಕೆಲವು ದೇಶಗಳಲ್ಲಿ ಹಾಗೆ ಮಾಡಿದ್ದೂ ಉಂಟು. ನಮ್ಮವರು ಅಳಿಸಲಿಲ್ಲ. ಹದ್ದನ್ನು ಹಾಗೆಯೇ ಇಟ್ಟುಕೊಂಡು, ಅದನ್ನು ನಾಲ್ಕನೆಯ ಪರ್ವತ ಡಿವಿಜನ್ನೆಂದು ಹೊಸದಾಗಿ ಕಟ್ಟಿದರು. ೧೯೬೫ರ ಸೆಪ್ಟೆಂಬರಿನಲ್ಲಿ ಖೇಮಕರಣದ ಎದುರಿಗೆ ಅದು ನಿಂತಾಗ ಕೈಯಲ್ಲಿದ್ದುದು ಎರಡೇ ಬ್ರಿಗೇಡು. ಮೊದಲ ಎರಡು ದಿನಗಳ ಮುನ್ನಡೆ ವಿಫಲವಾಯಿತು. ಕೆಲವು ಪಟಾಲಂಗಳು ಕದಲಿದುವು. ಬೊಮ್ಡಿಲಾ ಮರುಕಳಿಸುವುದೆಂದು ಹಲವರು ಹೆದರಿದ್ದಿರಬೇಕು. ದಳಪತಿ ಗುರ್ಬಕ್ಷ್ ಸಿಂಗ್ ಹಿಂದೆ ಸರಿದು, ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ಕುದುರೆಲಾಳದಾಕಾರದಲ್ಲಿ ಬೇರೂರಿ, ಕಾಲುವೆಯ ನೀರನ್ನು ಹೊಲಗಳಿಗೆ ಬಿಡಿಸಿದರು. ಪ್ಯಾಟನ್ ಟ್ಯಾಂಕುಗಳು ಕಬ್ಬಿನ ಗದ್ದೆಗಳ ಕೆಸರಿನಲ್ಲಿ ಹೂತುಕೊಂಡುವು. ಸೆಪ್ಟೆಂಬರ್ ೧೦ರ ಸಂಜೆಯ ಹೊತ್ತಿಗೆ, ನಮ್ಮ ಕಡೆಯ ಲೆಕ್ಕದಂತೆ, ನಾಶವಾದುವು ಸೆರೆಸಿಕ್ಕವು ಸೇರಿ ೯೭ ಟ್ಯಾಂಕುಗಳು.

ಅಂದು ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಒಂದರ ಮೇಲೊಂದು ಸುಟ್ಟು ತಾನೂ ಬಲಿಯಾಗಿ ಪರಮವೀರಚಕ್ರ ಪಡೆದ ಹವಾಲ್ದಾರ್ ಅಬ್ದುಲ್ ಹಮೀದ್ ೪ನೆಯ ಗ್ರೆನೇಡಿಯರ್ಸ್ ಪಟಾಲಮಿನವರು. ಆ ಪಟಾಲಂ ೧೯೬೨ರಲ್ಲಿಯೂ ಇದೇ ೭ನೆಯ ಬ್ರಿಗೇಡಿನಲ್ಲಿದ್ದು ನಾಮ್‌ಕಾ ಚುವಿನ ಸೋಲನ್ನು ಉಂಡಿತ್ತು. ಅದೇ ಪಟಾಲಂ, ಅದೇ ಬ್ರಿಗೇಡು, ಅದೇ ಹದ್ದು. ಹಮೀದ್ ಸೇನೆಗೆ ಸೇರುವ ಮೊದಲು ಗಾಜೀಪುರ ಜಿಲ್ಲೆಯ ತಮ್ಮ ಹಳ್ಳಿಯಲ್ಲಿ ತಂದೆಯ ಜೊತೆ ಹೊಲಿಗೆಯ ಕೆಲಸ ಮಾಡುತ್ತಿದ್ದವರು.

ಹಲಸೂರಿನ ಕಡೆ ನಾವು ವಾಸವಾಗಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದರು. ಸೇನೆಯಲ್ಲಿ ಲಾರಿ ನಡೆಸಿದವರು. ೧೯೬೨ರಲ್ಲಿ ಬೊಮ್ಡಿಲಾ ರಸ್ತೆಯಲ್ಲಿದ್ದರು. ಯುದ್ಧದ ಮಾತೆತ್ತಿದರೆ ಗೇರುಬದಲಾಯಿಸುವ ತೊಂದರೆಯನ್ನು ಹೇಳುತ್ತಿದ್ದರೇ ಹೊರತು ಬೇರೇನನ್ನೂ ಹೇಳುತ್ತಿರಲಿಲ್ಲ. ಒಂದು ಸಂಜೆ, ನಾನು ಲಾಂಛನಗಳ ವಿಷಯ ಕೇಳಿದುದರಿಂದಲೋ ಏನೋ, ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಒಂದು ಬಟ್ಟೆಯ ತುಂಡನ್ನು ತಂದು ನನ್ನ ಅಂಗೈ ಮೇಲಿಟ್ಟರು. ಬಣ್ಣ ಮಾಸಿತ್ತು, ಅಂಚಿನ ಸುತ್ತ ಸೂಜಿಯ ತೂತುಗಳು ಹಾಗೆಯೇ ಕಾಣುತ್ತಿದ್ದುವು.

“ರಜಾದ ಮೇಲೆ ಊರಿಗೆ ಬರ್ತಾ ಇದ್ದೆ ನೋಡಪ್ಪಾ, ಆ ಡಿಸೆಂಬರಿನಲ್ಲಿ. ರೈಲಿನಲ್ಲಿ ಎದುರಿಗೆ ಕೂತಿದ್ದ ಯಜಮಾನರೊಬ್ಬರು ನನ್ನ ತೋಳನ್ನೇ ನೋಡ್ತಾ ಇದ್ದರು. ಮಾತೇನೂ ಆಡಲಿಲ್ಲ ಪಾಪ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬ್ಲೇಡಿನಿಂದ ಬಿಚ್ಚಿಬಿಟ್ಟೆ.”

ಖೇಮಕರಣದ ಸುದ್ದಿ ರೇಡಿಯೋದಲ್ಲಿ ಬಂದಾಗ ಎಲ್ಲಿದ್ದಿರಿ ಎಂದು ಕೇಳಿದೆ.

“ಅಷ್ಟರಲ್ಲಿ ಬೇರೆ ಕಡೆಗೆ ವರ್ಗವಾಗಿತ್ತು. ಅಲ್ಲಿಯ ಗುರುತು ಬೇರೆ. ಇದನ್ನು ತೆಗೆದು ನೋಡಿದೆ, ಸೂಜಿದಾರವೂ ಕೈಲಿತ್ತು. ಆದರೆ ಆಗ ನಾನು ಆ ಡಿವಿಜನ್ನಿನವನಲ್ಲವಲ್ಲ.”

ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ಹಳೆಯ ಪಿಂಚಣಿ ಪುಸ್ತಕದ ಹಾಳೆಗಳ ನಡುವೆ ಮಡಿಸದೆ ಇಟ್ಟು, ಕಾಫಿ ಆರುತ್ತಿದೆಯೆಂದು ನೆನಪು ಮಾಡಿದರು.